ಯಾವ ಮೋಟಾರು ಒಳ್ಳೆಯದು? ಅಳೆದು ಹೇಳಿ!

ಮಕ್ಕಳೇ,

ವಿಜ್ಞಾನ ವಸ್ತುಪ್ರದರ್ಶನದಲ್ಲಿ ತೀರ್ಪುಗಾರನಾಗಿ ನಾನು ಮಾಡಿದ ಒಂದು ತಪ್ಪನ್ನು ಇಂದು ನಿಮ್ಮ ಮುಂದೆ ಒಪ್ಪಿಕೊಳ್ಳುತ್ತೇನೆ. ಆ ತಪ್ಪಿನಿಂದ ನಾನು ಕಲಿತದ್ದು ನಿಮಗೂ ಉಪಯೋಗಕ್ಕೆ ಬರಬಹುದು.

ಕೆಲವು ವರ್ಷಗಳ ಹಿಂದಿನ ಮಾತು. ಕೆ.ಜಿ.ಎಫ್. ಮತ್ತು ಬಂಗಾರಪೇಟೆ ಸುತ್ತಮುತ್ತಲಿನ ಶಾಲೆಗಳ ಮಕ್ಕಳು ಪ್ರದರ್ಶನಕ್ಕೆ ಬಂದಿದ್ದರು. ಒಂದು ಮೇಜಿನ ಬಳಿ ಗುಂಪೋ ಗುಂಪು. ಅಲ್ಲಿ ಒಬ್ಬ ಹುಡುಗ ರಿಮೋಟ್ ಕಾರು ಓಡಿಸುತ್ತಿದ್ದ. ಸಭಾಂಗಣದ ಈ ತುದಿಯಿಂದ ಆ ತುದಿಗೆ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗಿಬಿಡುತ್ತಿತ್ತು. "ಇದು ಬ್ರಷ್‌ಲೆಸ್ ಮೋಟಾರು ಸರ್, ಎಲ್ಲದಕ್ಕಿಂತ ಒಳ್ಳೆಯದು" ಎಂದ. ಪಕ್ಕದ ಮೇಜಿನಲ್ಲಿ ಏಳನೇ ತರಗತಿಯ ಇಬ್ಬರು ಹುಡುಗಿಯರು ಸುಮ್ಮನೆ ನಿಂತಿದ್ದರು. ಅವರ ಮುಂದೆ ಇದ್ದದ್ದು ಇಷ್ಟೇ: ಹಾಳಾದ ಆಟಿಕೆಗಳಿಂದ ಬಿಚ್ಚಿದ ಎರಡು ಮೋಟಾರು, ಎರಡು ಸೆಲ್ಲು, ದಾರ ಕಟ್ಟಿದ ಒಂದು ಕಾಗದದ ಲೋಟ, ಸ್ವಲ್ಪ ಮರಳು, ಒಂದು ನೋಟ್‌ಬುಕ್ಕು.

"ಈ ಎರಡರಲ್ಲಿ ಯಾವುದು ಚೆನ್ನಾಗಿದೆ ಅಮ್ಮಾ?" ಎಂದು ಕೇಳಿದೆ.

"ಯಾವ ಕೆಲಸಕ್ಕೆ ಸರ್?" ಎಂದು ಒಬ್ಬಳು ಮರುಪ್ರಶ್ನೆ ಹಾಕಿದಳು.

ನಾನು ನಕ್ಕು ಮುಂದೆ ಹೋದೆ. ಮೊದಲ ಬಹುಮಾನ ವೇಗದ ಕಾರಿಗೆ ಹೋಯಿತು. ಆ ದಿನ ಸಂಜೆ ಮೇಜುಗಳನ್ನು ಎತ್ತಿಡುವಾಗ ಆ ನೋಟ್‌ಬುಕ್ಕು ನನ್ನ ಕೈಗೆ ಬಂತು. ಪ್ರತಿ ಅಳತೆಯನ್ನೂ ಮೂರು ಮೂರು ಸಲ ಮಾಡಿ ಸರಾಸರಿ ತೆಗೆದಿದ್ದರು. ಒಂದು ಪುಟದ ಮೇಲೆ ಗೀಟು ಹಾಕಿ, ಕೆಳಗೆ ಹೀಗೆ ಬರೆದಿದ್ದರು: "ಸೆಲ್ಲು ಹಳೆಯದಾಗಿತ್ತು. ಈ ಅಳತೆ ಸರಿಯಲ್ಲ. ಹೊಸ ಸೆಲ್ಲು ಹಾಕಿ ಮತ್ತೆ ಮಾಡಿದೆವು." ಅದನ್ನು ಓದಿ ನನಗೆ ನಾಚಿಕೆಯಾಯಿತು. ಆ ಎರಡು ಮೇಜುಗಳಲ್ಲಿ ವಿಜ್ಞಾನ ನಡೆದದ್ದು ಆ ಹುಡುಗಿಯರ ಮೇಜಿನ ಮೇಲೆ. ನಾನು ಬಹುಮಾನ ಕೊಟ್ಟದ್ದು ಅಂಗಡಿಯಿಂದ ತಂದ ಮೋಟಾರಿಗೆ!

ಆ ಹುಡುಗನನ್ನು ನಾನು ದೂರುವುದಿಲ್ಲ. ಅವನ ಕಾರು ನಿಜವಾಗಿಯೂ ಚೆನ್ನಾಗಿತ್ತು. ಆದರೆ "ಇದು ಎಲ್ಲದಕ್ಕಿಂತ ಒಳ್ಳೆಯದು" ಎಂಬ ಅವನ ಮಾತನ್ನು ಪರೀಕ್ಷಿಸದೆ ಒಪ್ಪಿಕೊಂಡೆನಲ್ಲ, ಅದು ನನ್ನ ತಪ್ಪು. ಆ ಮಾತು ಎಷ್ಟು ನಿಜ ಎಂದು ಈಗ ನೋಡೋಣ.

ಬ್ರಷ್ ಇರುವ ಮೋಟಾರು

ಹಾಳಾದ ಆಟಿಕೆಯಿಂದ ಒಂದು ಚಿಕ್ಕ ಮೋಟಾರು ತೆಗೆದುಕೊಳ್ಳಿ. ಹಿಂಬದಿಯ ಪ್ಲಾಸ್ಟಿಕ್ ಮುಚ್ಚಳವನ್ನು ಮೆಲ್ಲಗೆ ಎಬ್ಬಿಸಿ ತೆರೆಯಿರಿ. ಹೊರಗಿನ ತಗಡಿನ ಒಳಮೈಗೆ ಬಾಗಿದ ಎರಡು ಅಯಸ್ಕಾಂತಗಳು ಅಂಟಿಕೊಂಡಿರುತ್ತವೆ. ನಡುವಿನ ಕಡ್ಡಿಗೆ ಸಾಮಾನ್ಯವಾಗಿ ಮೂರು ತಂತಿಯ ಸುರುಳಿಗಳಿರುತ್ತವೆ. ಕಡ್ಡಿಯ ಒಂದು ತುದಿಯಲ್ಲಿ ಮೂರು ತುಂಡಾಗಿ ಸೀಳಿದ ತಾಮ್ರದ ಉಂಗುರ ಇರುತ್ತದೆ. ಇದೇ ದಿಕ್ಪರಿವರ್ತಕ. ಮುಚ್ಚಳದಲ್ಲಿರುವ ಎರಡು ತೆಳು ಲೋಹದ ಪಟ್ಟಿಗಳು ಈ ಉಂಗುರವನ್ನು ಉಜ್ಜುತ್ತಿರುತ್ತವೆ. ಅವೇ ಬ್ರಷ್‌ಗಳು. ದೊಡ್ಡ ಮೋಟಾರುಗಳಲ್ಲಿ ಪಟ್ಟಿಯ ಬದಲು ಇಂಗಾಲದ ಚಿಕ್ಕ ಇಟ್ಟಿಗೆಗಳಿರುತ್ತವೆ.

ಸುರುಳಿಯಲ್ಲಿ ವಿದ್ಯುತ್ ಹರಿದಾಗ ಅದು ವಿದ್ಯುತ್ಕಾಂತವಾಗುತ್ತದೆ. ಹೊರಗಿನ ಅಯಸ್ಕಾಂತ ಅದನ್ನು ತನ್ನತ್ತ ಸೆಳೆಯುತ್ತದೆ. ಸುರುಳಿ ಅಲ್ಲಿಗೆ ತಲುಪಿದ ಮೇಲೆ ನಿಂತುಬಿಡಬೇಕಲ್ಲವೆ? ನಿಲ್ಲುವುದಿಲ್ಲ. ತಲುಪುವ ಹೊತ್ತಿಗೆ ಸರಿಯಾಗಿ ಬ್ರಷ್ ಉಂಗುರದ ಮುಂದಿನ ತುಂಡನ್ನು ಮುಟ್ಟುತ್ತದೆ. ಸುರುಳಿಯಲ್ಲಿ ವಿದ್ಯುತ್ತಿನ ದಿಕ್ಕು ಬದಲಾಗುತ್ತದೆ. ಸೆಳೆಯುತ್ತಿದ್ದ ಅಯಸ್ಕಾಂತ ಈಗ ಅದನ್ನು ಮುಂದಕ್ಕೆ ತಳ್ಳುತ್ತದೆ. ಕರುವಿನ ಮುಂದೆ ಹುಲ್ಲು ಹಿಡಿದು, ಅದು ಹತ್ತಿರ ಬಂದಂತೆಲ್ಲ ನಾವು ಮುಂದೆ ಸರಿಯುತ್ತ ನಡೆಸಿದ ಹಾಗೆ!

ಈ ಮೋಟಾರಿನ ದೋಷವೂ ಬ್ರಷ್‌ನಲ್ಲೇ ಇದೆ. ಉಜ್ಜಿದರೆ ಘರ್ಷಣೆ. ಘರ್ಷಣೆಯಿಂದ ಶಾಖ, ಸವೆತ. ಜೊತೆಗೆ ಕಿಡಿ. ಮನೆಯ ಮಿಕ್ಸಿ ಓಡುವಾಗ ಕೆಳಗಿನ ಕಿಂಡಿಯಲ್ಲಿ ನೀಲಿ ಕಿಡಿ ಕಂಡಿದ್ದೀರಾ? ಮಿಕ್ಸಿಯ ಮೋಟಾರಿನಲ್ಲಿ ಸಾಮಾನ್ಯವಾಗಿ ಇಂಗಾಲದ ಬ್ರಷ್‌ಗಳಿರುತ್ತವೆ. "ಕಾರ್ಬನ್ ಹೋಗಿದೆ" ಎಂದು ರಿಪೇರಿಯವರು ಹೇಳುವುದು ಅವು ಸವೆದಾಗಲೇ. (ಮಿಕ್ಸಿಯನ್ನು ಮಾತ್ರ ನೀವು ಬಿಚ್ಚಬೇಡಿ. ನಮ್ಮ ಪ್ರಯೋಗಗಳೆಲ್ಲ ಸೆಲ್ಲಿನಿಂದ ಮಾತ್ರ.)

ಬ್ರಷ್ ಇಲ್ಲದ ಮೋಟಾರು

ಬ್ರಷ್‌ಲೆಸ್ ಮೋಟಾರಿನಲ್ಲಿ ಜಾಗಗಳು ಅದಲು ಬದಲು. ಸುರುಳಿಗಳು ಅಲುಗಾಡದೆ ನಿಲ್ಲುತ್ತವೆ, ಅಯಸ್ಕಾಂತಗಳು ತಿರುಗುತ್ತವೆ. ತಿರುಗುವ ಭಾಗಕ್ಕೆ ವಿದ್ಯುತ್ ಕೊಡಬೇಕಾಗಿಲ್ಲ, ಆದ್ದರಿಂದ ಉಜ್ಜುವ ಬ್ರಷ್ ಬೇಕಿಲ್ಲ. ಆದರೆ ವಿದ್ಯುತ್ತಿನ ದಿಕ್ಕನ್ನು ಸರಿಯಾದ ಹೊತ್ತಿಗೆ ಬದಲಿಸುವವರು ಯಾರು? ಆ ಕೆಲಸವನ್ನು ಹೊರಗಿರುವ ಒಂದು ಎಲೆಕ್ಟ್ರಾನಿಕ್ ಪೆಟ್ಟಿಗೆ ಮಾಡುತ್ತದೆ. ಅದಕ್ಕೆ ವೇಗ ನಿಯಂತ್ರಕ ಎಂದು ಹೆಸರು. ಮೋಟಾರಿನಿಂದ ಮೂರು ತಂತಿಗಳು ಅದಕ್ಕೆ ಹೋಗುತ್ತವೆ. ಯಾವ ಸುರುಳಿಗೆ ಯಾವಾಗ ವಿದ್ಯುತ್ ಕೊಡಬೇಕು ಎಂಬುದನ್ನು ಅದೇ ನಿರ್ಧರಿಸುತ್ತದೆ.

ಅಯಸ್ಕಾಂತ ಎಲ್ಲಿದೆ ಎಂದು ಪೆಟ್ಟಿಗೆಗೆ ತಿಳಿಯುವುದು ಹೇಗೆ? ಕೆಲವು ಮೋಟಾರುಗಳಲ್ಲಿ ಹಾಲ್ ಸಂವೇದಕಗಳಿರುತ್ತವೆ. ಎಡ್ವಿನ್ ಹಾಲ್ ಎಂಬ ಅಮೆರಿಕದ ವಿಜ್ಞಾನಿ 1879ರಲ್ಲಿ ಕಂಡುಹಿಡಿದ ಪರಿಣಾಮವನ್ನು ಬಳಸಿ ಇವು ಅಯಸ್ಕಾಂತದ ಇರವನ್ನು ತಿಳಿಸುತ್ತವೆ. ಸಂವೇದಕ ಇಲ್ಲದ ಮೋಟಾರುಗಳೂ ಇವೆ. ಅಯಸ್ಕಾಂತ ತಿರುಗುವಾಗ, ವಿದ್ಯುತ್ ಕೊಡದೆ ಬಿಟ್ಟ ಸುರುಳಿಯಲ್ಲಿ ಒಂದು ವೋಲ್ಟೇಜು ಹುಟ್ಟುತ್ತದೆ. ಅದನ್ನು ನೋಡಿ ನಿಯಂತ್ರಕ ಲೆಕ್ಕ ಹಾಕುತ್ತದೆ. ಆದರೆ ಮೋಟಾರು ನಿಂತಿರುವಾಗ ಈ ವೋಲ್ಟೇಜು ಇರುವುದೇ ಇಲ್ಲ! ಹಾಗಾಗಿ ಇಂಥ ಕಾರು ಹೊರಡುವಾಗ, ಬಹಳ ನಿಧಾನವಾಗಿ ಚಲಿಸುವಾಗ ಸ್ವಲ್ಪ ತಡವರಿಸಬಹುದು.

ಬ್ರಷ್ ಇಲ್ಲದ್ದರಿಂದ ಸವೆತ ಕಡಿಮೆ, ದಕ್ಷತೆ ಹೆಚ್ಚು. ಅಷ್ಟೇ ಬ್ಯಾಟರಿಯಿಂದ ಹೆಚ್ಚು ಕೆಲಸ. ಇದು ನಿಜ. ಆದರೆ ನಿಯಂತ್ರಕ, ಬ್ಯಾಟರಿ ಎಲ್ಲ ಸೇರಿದರೆ ಬೆಲೆ ಸಾವಿರಾರು ರೂಪಾಯಿ. ನಿಯಂತ್ರಕ ಕೆಟ್ಟರೆ ನೀವು ಮನೆಯಲ್ಲಿ ಸರಿಮಾಡುವುದು ಕಷ್ಟ.

ಡಬ್ಬದ ಮೇಲಿನ ಅಂಕಿಗಳು

ಬ್ರಷ್‌ಲೆಸ್ ಮೋಟಾರಿನ ಡಬ್ಬದ ಮೇಲೆ "3650, 3500 ಕೆವಿ" ಎಂಬಂತೆ ಬರೆದಿರುತ್ತದೆ. 3650 ಎಂದರೆ ಸಾಮಾನ್ಯವಾಗಿ 36 ಮಿ.ಮೀ. ವ್ಯಾಸ, 50 ಮಿ.ಮೀ. ಉದ್ದ. ಅಷ್ಟೇ! ಅಳತೆಪಟ್ಟಿ ಇಟ್ಟು ನೋಡಬಹುದು.

ಕೆವಿ ಎಂದರೆ ಇಲ್ಲಿ ಕಿಲೋವೋಲ್ಟ್ ಅಲ್ಲ. ಭಾರ ಹೊರದೆ ತಿರುಗುವಾಗ, 1 ವೋಲ್ಟ್‌ಗೆ ನಿಮಿಷಕ್ಕೆ ಎಷ್ಟು ಸುತ್ತು ಎಂಬ ಅಂಕಿ ಅದು. 3500 ಕೆವಿ ಮೋಟಾರಿಗೆ 7.4 ವೋಲ್ಟ್ ಬ್ಯಾಟರಿ ಕೊಟ್ಟರೆ 3500 × 7.4 = 25,900. ಅಂದರೆ ನಿಮಿಷಕ್ಕೆ ಸುಮಾರು ಇಪ್ಪತ್ತಾರು ಸಾವಿರ ಸುತ್ತು. ಕಾರನ್ನು ಎಳೆಯತೊಡಗಿದ ಕೂಡಲೇ ಇದು ಕಡಿಮೆಯಾಗುತ್ತದೆ.

ಹಾಗಾದರೆ ಕೆವಿ ಹೆಚ್ಚಿದ್ದರೆ ಒಳ್ಳೆಯ ಮೋಟಾರೇ? ಇಲ್ಲಿ ಬಹಳ ಮಂದಿ ಎಡವುತ್ತಾರೆ. ಒಂದೇ ಗಾತ್ರದ ಎರಡು ಮೋಟಾರುಗಳಲ್ಲಿ ಕಡಿಮೆ ಕೆವಿ ಇರುವುದರ ಸುರುಳಿಯಲ್ಲಿ ತಂತಿಯ ಸುತ್ತು ಹೆಚ್ಚು. ಅದು ಅಷ್ಟೇ ವಿದ್ಯುತ್ ಪ್ರವಾಹಕ್ಕೆ ಹೆಚ್ಚು ಬಲವಾಗಿ ತಿರುಚುತ್ತದೆ. ಕೆವಿ ಹೆಚ್ಚಿರುವುದು ಬೇಗ ತಿರುಗುತ್ತದೆ. ಏರು ಹತ್ತುವ ಲಾರಿಯ ಚಾಲಕ ಯಾವ ಗೇರು ಹಾಕುತ್ತಾನೆ ನೆನಪಿಸಿಕೊಳ್ಳಿ. ವೇಗದ ಗೇರು ಅಲ್ಲವಲ್ಲ! ಸಮತಟ್ಟು ನೆಲದ ಓಟಕ್ಕೆ ಒಂದು, ಕಲ್ಲುಗುಡ್ಡ ಹತ್ತುವ ಕಾರಿಗೆ ಇನ್ನೊಂದು. "ಯಾವ ಕೆಲಸಕ್ಕೆ ಸರ್?" ಎಂದು ಆ ಹುಡುಗಿ ಕೇಳಿದ್ದು ಸರಿಯಾದ ಪ್ರಶ್ನೆ.

ನಮ್ಮೂರಿನಿಂದ ಮಂಗಳ ಗ್ರಹದವರೆಗೆ

ಬಂಗಾರಪೇಟೆ ಜಂಕ್ಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ದೊಡ್ಡವರ ಜೊತೆ ನಿಂತಾಗ ವಿದ್ಯುತ್ ಎಂಜಿನ್ನಿನ ಮೇಲಿನ ಬರಹ ಓದಿ. ಡಬ್ಲ್ಯೂಎಪಿ-4 ಎಂದಿದ್ದರೆ ಅದರ ಮೋಟಾರುಗಳಲ್ಲಿ ಬ್ರಷ್ ಇದೆ. ಡಬ್ಲ್ಯೂಎಪಿ-7 ಎಂದಿದ್ದರೆ ಇಲ್ಲ. 1990ರ ದಶಕದ ಮಧ್ಯಭಾಗದಲ್ಲಿ ನಮ್ಮ ರೈಲ್ವೆಗೆ ಬ್ರಷ್ ಇಲ್ಲದ ಮೂರು ಹಂತದ ಮೋಟಾರುಗಳ ಎಂಜಿನ್ನುಗಳು ಬರತೊಡಗಿದವು. ದಿನವಿಡೀ ಭಾರ ಎಳೆಯುವ ಎಂಜಿನ್ನಿಗೆ ಬ್ರಷ್ ಸವೆಯುವ ಚಿಂತೆ ತಪ್ಪುವುದು ದೊಡ್ಡ ಲಾಭ.

ಹೆಸರು ನೋಡಿ ಮೋಸ ಹೋಗಬಾರದು ಎಂಬುದಕ್ಕೆ ಮನೆಯ ಫ್ಯಾನು ಉದಾಹರಣೆ. ಹಳೆಯ ಸೀಲಿಂಗ್ ಫ್ಯಾನು ಸುಮಾರು 75 ವಾಟ್ ಬಳಸಿದರೆ, ಹೊಸ ಬಿಎಲ್‌ಡಿಸಿ ಫ್ಯಾನು ಸುಮಾರು 30 ವಾಟ್ ಬಳಸುತ್ತದೆ. "ಬಿಎಲ್" ಎಂದರೆ ಬ್ರಷ್‌ಲೆಸ್. ಹಾಗಾದರೆ ಹಳೆಯದರಲ್ಲಿ ಬ್ರಷ್ ಇತ್ತೇ? ಇರಲಿಲ್ಲ! ಅದು ಪ್ರೇರಣ ಮೋಟಾರು. ನಿಕೋಲಾ ಟೆಸ್ಲಾ 1888ರಲ್ಲಿ ಪೇಟೆಂಟ್ ಪಡೆದ ಬಗೆಯದು. ಅದರಲ್ಲೂ ಬ್ರಷ್ ಇಲ್ಲ. ಉಳಿತಾಯ ಬಂದದ್ದು ತಿರುಗುವ ಭಾಗದಲ್ಲಿ ಕಾಯಂ ಅಯಸ್ಕಾಂತ ಇಟ್ಟು, ಎಲೆಕ್ಟ್ರಾನಿಕ್ ನಿಯಂತ್ರಣ ಮಾಡಿದ್ದರಿಂದ.

ಇನ್ನು ಮಂಗಳ ಗ್ರಹಕ್ಕೆ ಬನ್ನಿ. 2004ರ ಜನವರಿಯಲ್ಲಿ ಸ್ಪಿರಿಟ್ ಮತ್ತು ಆಪರ್ಚುನಿಟಿ ಎಂಬ ಎರಡು ಬಂಡಿಗಳು ಅಲ್ಲಿ ಇಳಿದವು. ಭೂಮಿಯಿಂದ ರೇಡಿಯೋ ಮೂಲಕ ಆಜ್ಞೆ ಪಡೆಯುವ ಬಂಡಿಗಳು ಅವು. 90 ಮಂಗಳ ದಿನ ಕೆಲಸ ಮಾಡಲಿ ಎಂದು ಕಳಿಸಿದ್ದರು. ಆಪರ್ಚುನಿಟಿ 2018ರ ಜೂನ್ ತನಕ ಕೆಲಸ ಮಾಡಿತು, 45 ಕಿ.ಮೀ.ಗಿಂತ ಹೆಚ್ಚು ಚಲಿಸಿತು. ಅದರ ಚಕ್ರಗಳನ್ನು ತಿರುಗಿಸಿದ್ದು ಬ್ರಷ್ ಇರುವ ಮೋಟಾರುಗಳು! ಆಟಿಕೆಯ ಮೋಟಾರಿಗಿಂತ ಬಹಳ ಉತ್ತಮ ಗುಣಮಟ್ಟದವು, ನಿಜ. ಆದರೆ ಬಗೆ ಅದೇ. ಸ್ಪಿರಿಟ್‌ನ ಒಂದು ಚಕ್ರ 2006ರಲ್ಲಿ ತಿರುಗುವುದನ್ನು ನಿಲ್ಲಿಸಿತು ಎಂಬುದನ್ನೂ ಹೇಳಬೇಕು. ಒಳ್ಳೆಯದನ್ನು ಮಾತ್ರ ಹೇಳಿ ಕೆಟ್ಟದ್ದನ್ನು ಮುಚ್ಚಿಟ್ಟರೆ ಅದು ಹೋಲಿಕೆಯಲ್ಲ, ಜಾಹೀರಾತು.

2021ರ ಏಪ್ರಿಲ್‌ನಲ್ಲಿ ಮಂಗಳದಲ್ಲಿ ಹಾರಿದ ಪುಟ್ಟ ಹೆಲಿಕಾಪ್ಟರ್ ಇಂಜೆನ್ಯುಟಿ ಇನ್ನೂ ಸ್ವಾರಸ್ಯಕರ. ರೆಕ್ಕೆಗಳನ್ನು ಜೋರಾಗಿ ತಿರುಗಿಸಲು ಅದರಲ್ಲಿ ಬ್ರಷ್‌ಲೆಸ್ ಮೋಟಾರು. ರೆಕ್ಕೆಗಳ ಓರೆಯನ್ನು ಹೊಂದಿಸಲು ಬ್ರಷ್ ಇರುವ ಆರು ಪುಟ್ಟ ಮೋಟಾರುಗಳು. ಒಂದೇ ಯಂತ್ರದಲ್ಲಿ ಎರಡೂ ಬಗೆ! 2024ರ ಜನವರಿಯೊಳಗೆ ಅದು 72 ಸಲ ಹಾರಿತು. ಅದನ್ನು ಕಟ್ಟಿದವರು ಯಾವುದು ಹೊಸದು ಎಂದು ಕೇಳಲಿಲ್ಲ. ಯಾವ ಕೆಲಸಕ್ಕೆ ಯಾವುದು ಎಂದು ಕೇಳಿದರು.

ನಮ್ಮ ಕೆ.ಜಿ.ಎಫ್. ಇತಿಹಾಸದಲ್ಲೂ ಇದೇ ಪಾಠವಿದೆ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ದೂರ ತಂತಿ ಎಳೆದು ಚಿನ್ನದ ಗಣಿಗಳಿಗೆ ವಿದ್ಯುತ್ ತಂದರು. ಅದಕ್ಕೆ ಮುಂಚೆ ಯಂತ್ರಗಳು ಹಬೆಯಿಂದ ನಡೆಯುತ್ತಿದ್ದವು. ವಿದ್ಯುತ್ ಹೊಸದು, ಬೆಳಗುತ್ತದೆ ಎಂದು ಗಣಿಯವರು ಒಪ್ಪಲಿಲ್ಲ. ಒಂದು ಅಶ್ವಶಕ್ತಿಗೆ ವರ್ಷಕ್ಕೆ ಎಷ್ಟು ಹಣ ಎಂದು ಲೆಕ್ಕ ಹಾಕಿ ಒಪ್ಪಂದ ಮಾಡಿಕೊಂಡರು. ಆ ಗಣಿಗಳು 2001ರಲ್ಲಿ ಮುಚ್ಚಿದವು. ಲೆಕ್ಕ ಹಾಕಿ ಆರಿಸುವ ಬುದ್ಧಿಯನ್ನು ಮಾತ್ರ ನಾವು ಮುಚ್ಚಬಾರದು.

ಗೆದ್ದದ್ದು ಮೋಟಾರೋ, ಬ್ಯಾಟರಿಯೋ?

ಈಗ ಆ ವೇಗದ ಕಾರಿಗೆ ಹಿಂತಿರುಗೋಣ. ಅದರಲ್ಲಿ 7.4 ವೋಲ್ಟ್ ಬ್ಯಾಟರಿ ಇತ್ತು. ಪಕ್ಕದಲ್ಲಿ ಹೋಲಿಕೆಗೆ ಇಟ್ಟಿದ್ದ ಆಟಿಕೆ ಕಾರಿಗೆ ಎರಡು ಸೆಲ್ಲು, ಅಂದರೆ 3 ವೋಲ್ಟ್. ಚಕ್ರ ಬೇರೆ, ತೂಕ ಬೇರೆ, ಗೇರು ಬೇರೆ. ಹಾಗಾದರೆ ಗೆದ್ದದ್ದು ಮೋಟಾರೋ, ಬ್ಯಾಟರಿಯೋ? ಹೇಳಲು ಬರುವುದೇ ಇಲ್ಲ! ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು, ಉಳಿದೆಲ್ಲ ಹಾಗೇ ಇರಬೇಕು. ನ್ಯಾಯವಾದ ಹೋಲಿಕೆಯ ಮೊದಲ ನಿಯಮ ಇದು.

ನಿಮ್ಮ ಶಾಲೆಯಲ್ಲಿ ಎರಡು ಹಳೆಯ ಆಟಿಕೆ ಮೋಟಾರುಗಳಿದ್ದರೆ ಸಾಕು, ಹೀಗೆ ಮಾಡಿ:

1. ಮೋಟಾರಿನ ಕಡ್ಡಿಗೆ ಗಟ್ಟಿ ದಾರ ಅಂಟಿಸಿ. ಮೋಟಾರನ್ನು ಮೇಜಿನ ಅಂಚಿಗೆ ಬಿಗಿಯಾಗಿ ಕಟ್ಟಿ. ದಾರದ ಇನ್ನೊಂದು ತುದಿಗೆ ಕಾಗದದ ಲೋಟ ಕಟ್ಟಿ.

2. ಲೋಟಕ್ಕೆ ತೂಕ ಮಾಡಿದ ಮರಳು ಹಾಕಿ. ಅದೇ ಸೆಲ್ಲುಗಳಿಂದ ಎರಡೂ ಮೋಟಾರುಗಳನ್ನು ಒಂದಾದ ಮೇಲೊಂದು ಓಡಿಸಿ. ಲೋಟ ಅರ್ಧ ಮೀಟರ್ ಏರಲು ಎಷ್ಟು ಸೆಕೆಂಡು ಎಂದು ಬರೆಯಿರಿ.

3. ಪ್ರತಿ ಅಳತೆಯನ್ನೂ ಮೂರು ಸಲ ಮಾಡಿ, ಸರಾಸರಿ ತೆಗೆಯಿರಿ. ಸಮಯ ನೋಡುವವರು ಒಬ್ಬರೇ ಇರಲಿ.

4. ಕೊನೆಯಲ್ಲಿ ಮೊದಲ ಮೋಟಾರನ್ನು ಮತ್ತೊಮ್ಮೆ ಪರೀಕ್ಷಿಸಿ. ಮೊದಲಿಗಿಂತ ನಿಧಾನವಾಯಿತೇ? ಹಾಗಾದರೆ ಸೆಲ್ಲು ಸೋತಿದೆ. ಅಳತೆಗಳನ್ನು ಮತ್ತೆ ಮಾಡಬೇಕು.

5. ಮರಳು ಹೆಚ್ಚಿಸುತ್ತ ಹೋಗಿ. ಮೋಟಾರು ನಿಂತುಬಿಟ್ಟರೆ ತಕ್ಷಣ ಸೆಲ್ಲಿನ ತಂತಿ ಬಿಡಿಸಿ. ಇಲ್ಲದಿದ್ದರೆ ಸುರುಳಿ ಕಾದು ಸುಡುತ್ತದೆ.

100 ಗ್ರಾಂ ತೂಕವನ್ನು 1 ಮೀಟರ್ ಎತ್ತಿದರೆ ಸುಮಾರು 1 ಜೂಲ್ ಕೆಲಸ. ಅರ್ಧ ಮೀಟರ್ ಎತ್ತಿದರೆ ಅರ್ಧ ಜೂಲ್. ಅದಕ್ಕೆ 1 ಸೆಕೆಂಡು ಹಿಡಿದರೆ ಮೋಟಾರು ಕೊಟ್ಟದ್ದು 0.5 ವಾಟ್. ಶಾಲೆಯಲ್ಲಿ ಮಲ್ಟಿಮೀಟರ್ ಇದ್ದರೆ ಶಿಕ್ಷಕರ ನೆರವಿನಿಂದ ವೋಲ್ಟೇಜು, ಪ್ರವಾಹ ಎರಡನ್ನೂ ಅಳೆಯಿರಿ. 3 ವೋಲ್ಟ್, 0.6 ಆಂಪೇರ್ ಎಂದು ಬಂತೆನ್ನಿ. 3 × 0.6 = 1.8 ವಾಟ್ ಒಳಗೆ ಹೋಯಿತು, 0.5 ವಾಟ್ ಹೊರಗೆ ಬಂತು. ದಕ್ಷತೆ ಸುಮಾರು 28 ಶೇಕಡಾ. ಉಳಿದದ್ದು ಎಲ್ಲಿ ಹೋಯಿತು? ಮೋಟಾರನ್ನು ಮುಟ್ಟಿ ನೋಡಿ, ಬೆಚ್ಚಗಿರುತ್ತದೆ!

ಬ್ರಷ್‌ಲೆಸ್ ಮೋಟಾರು ಸಿಕ್ಕಿದವರು ಅದೇ ಗಾತ್ರದ ಬ್ರಷ್ ಇರುವ ಮೋಟಾರಿನ ಜೊತೆ, ಅದೇ ಕಾರಿನಲ್ಲಿ, ಅದೇ ಬ್ಯಾಟರಿಯಿಂದ ಹೋಲಿಸಲಿ. 10 ಮೀಟರ್ ದೂರಕ್ಕೆ ಎಷ್ಟು ಸೆಕೆಂಡು? ಒಂದು ಸಲ ಚಾರ್ಜ್ ಮಾಡಿದರೆ ಎಷ್ಟು ನಿಮಿಷ ಓಡಿತು? ಬೆಲೆ ಎಷ್ಟು? ಕೆಟ್ಟರೆ ಸರಿಮಾಡಬಹುದೇ? ಇವೆಲ್ಲವನ್ನೂ ಪಟ್ಟಿ ಮಾಡಲಿ. ಒಂದು ಎಚ್ಚರಿಕೆ: ಇಂಥ ಕಾರುಗಳ ಲಿಥಿಯಂ ಬ್ಯಾಟರಿಯನ್ನು ಚುಚ್ಚಬಾರದು, ಬಿಚ್ಚಬಾರದು, ದೊಡ್ಡವರಿಲ್ಲದೆ ಚಾರ್ಜ್ ಮಾಡಬಾರದು. ಅದಕ್ಕೆ ಬೆಂಕಿ ಹತ್ತಬಹುದು.

"ಹೊಸದು ಇರುವಾಗ ಹಳೆಯದೇಕೆ?"

ಹೀಗೆ ಕೆಲವರು ಕೇಳುತ್ತಾರೆ. ವೇಗ, ಬಾಳಿಕೆ, ಉಳಿತಾಯ ಬೇಕಾದಲ್ಲಿ ಬ್ರಷ್‌ಲೆಸ್ ಮೋಟಾರೇ ಮೇಲು. ಇದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕಲಿಯುವುದಕ್ಕೆ? ಬ್ರಷ್ ಇರುವ ಮೋಟಾರಿನಲ್ಲಿ ದಿಕ್ಕು ಬದಲಾಗುವ ಜಾಗವನ್ನು ಕಣ್ಣಿನಿಂದ ನೋಡಬಹುದು, ಬೆರಳಿನಿಂದ ತಿರುಗಿಸಬಹುದು. ಬ್ರಷ್‌ಲೆಸ್‌ನಲ್ಲಿ ಅದು ಮುಚ್ಚಿದ ಪೆಟ್ಟಿಗೆಯೊಳಗೆ ನಡೆಯುತ್ತದೆ. ಮೊದಲನೆಯದನ್ನು ಬಿಚ್ಚಿ ತಿಳಿದವರಿಗೆ ಎರಡನೆಯದು ಸುಲಭವಾಗಿ ಅರ್ಥವಾಗುತ್ತದೆ. ಆದ್ದರಿಂದ ನನ್ನ ಅಭಿಪ್ರಾಯ ಇದು: ಓಡುವುದಕ್ಕೆ ಬ್ರಷ್‌ಲೆಸ್ ಇರಲಿ, ಶಾಲೆಯ ಮೊದಲ ಪಾಠಕ್ಕೆ ಹಳೆಯ ಆಟಿಕೆಯ ಮೋಟಾರೇ ಇರಲಿ.

ಬಂಗಾರಪೇಟೆಯ ಪಾನಿಪುರಿಯ ಪಾನಿ ನೋಡಲು ಬರೀ ನೀರಿನಂತೆ ತಿಳಿಯಾಗಿರುತ್ತದೆ. ಬಾಯಿಗಿಟ್ಟ ಮೇಲೆ ತಾನೆ ಅದರ ಖಾರ ಗೊತ್ತಾಗುವುದು? ಮೋಟಾರೂ ಹಾಗೆ. ಬಣ್ಣ, ಬೆಲೆ, ಡಬ್ಬದ ಮೇಲಿನ ಅಂಕಿ ನೋಡಿ ಹೇಳಲಾಗದು. ಪರೀಕ್ಷಿಸಿಯೇ ಹೇಳಬೇಕು.

ಆ ಪ್ರದರ್ಶನದ ನಂತರ ತೀರ್ಪುಗಾರನಾಗಿ ಹೋದಲ್ಲೆಲ್ಲ ನಾನು ಮೊದಲು ಕೇಳುವುದು ನೋಟ್‌ಬುಕ್ಕನ್ನು. ಎಷ್ಟು ಸಲ ಅಳೆದಿರಿ? ಯಾವ ಅಳತೆ ತಪ್ಪಾಯಿತು? ತಪ್ಪೆಂದು ಹೇಗೆ ತಿಳಿಯಿತು? ಇದಕ್ಕೆ ಉತ್ತರ ಇದ್ದವರಿಗೆ ಅಂಕ. ಉಳಿದ ಶಿಕ್ಷಕರೂ ಹೀಗೆಯೇ ಮಾಡಬೇಕೆಂದು ನನ್ನ ಕೋರಿಕೆ. ಇಲ್ಲವಾದರೆ ದುಬಾರಿ ವಸ್ತು ತರಲಾಗದ ಮಕ್ಕಳು "ವಿಜ್ಞಾನ ನಮ್ಮಂಥವರಿಗಲ್ಲ" ಎಂದುಕೊಳ್ಳುತ್ತಾರೆ. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿಲ್ಲ.

ಮಕ್ಕಳೇ, ಮನೆಯ ಮೂಲೆಯಲ್ಲಿ ಚಕ್ರ ಮುರಿದ ಆಟಿಕೆ ಕಾರು ಇದೆಯೇ? ಎಸೆಯಬೇಡಿ. ದೊಡ್ಡವರನ್ನು ಕೇಳಿ, ಮೋಟಾರು ಹೊರತೆಗೆಯಿರಿ, ಒಂದು ಲೋಟ ಮರಳು ಎತ್ತಿಸಿ, ಅಳೆದು ಬರೆದಿಡಿ. ಮುಂದೆ ಯಾರಾದರೂ "ಇದೇ ಎಲ್ಲದಕ್ಕಿಂತ ಒಳ್ಳೆಯದು" ಎಂದಾಗ ನೀವೂ ಆ ಹುಡುಗಿಯಂತೆ ಕೇಳಿ: "ಯಾವ ಕೆಲಸಕ್ಕೆ?"